ಉಪ್ಪಿನಕಾಯಿ ಅಂಗಡಿಯವನ ಬಾಯಲ್ಲಿ ಕಲ್ಲು

೧೯೮೮ರಲ್ಲಿ ಒಂಬತ್ತನೇ ಕ್ಲಾಸಿಗೆ ಕೈಮುಗಿದು ಹೊರಗೆ ಬಂದೆ. ಆಮೇಲೆ ಕಲಿತದ್ದೆಲ್ಲ ನಾಲಿಗೆಯಿಂದ. ಚಾಮರಾಜಪೇಟೆಯ ನನ್ನ ಉಪ್ಪಿನಕಾಯಿ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಮಾವಿನಕಾಯಿಗೆ ಖಾರ, ಉಪ್ಪು ಬೆರೆಸಿದ ಮೇಲೆ ರಸವನ್ನು ಹಿಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ನಾನು ‘ಮುಚ್ಚಿ’ ಅನ್ನಬೇಕು. ಅಲ್ಲಿಯವರೆಗೆ ಯಾವ ಭರಣಿಯ ಬಾಯಿಗೂ ಬಟ್ಟೆ ಕಟ್ಟುವಂತಿಲ್ಲ. ಆ ಮಾತನ್ನು ಹೆಂಡತಿಗೂ ಬಿಟ್ಟುಕೊಟ್ಟವನಲ್ಲ ನಾನು.

ಹೋದ ವರ್ಷ ಮಾವಿನಕಾಯಿ ಶುರುವಾಗುವ ಹೊತ್ತಿಗೆ, ಹಿಂಗೈ ನೆಕ್ಕಿದ ಕೂಡಲೇ ಬಲ ದವಡೆಯ ಕೆಳಗೆ ನಿಂಬೆಗಾತ್ರ ಊದಿಕೊಂಡಿತು. ಒಳಗಿನಿಂದ ಯಾರೋ ಹಿಂಡಿದಂಥ ನೋವು. ಸ್ವಲ್ಪ ಹೊತ್ತಿಗೆ ಇಳಿಯಿತು. ಊಟಕ್ಕೆ ಕೂತರೆ ಮತ್ತೆ ಎದ್ದಿತು. ಕೊನೆಗೆ ಹುಳಿಯ ವಾಸನೆ ಬಂದರೂ ಸಾಕು, ಊದಿಕೊಳ್ಳುವಂತಾಯಿತು.

ವೈಯಾಲಿಕಾವಲ್‌ನಿಂದ ನಮ್ಮತ್ತೆ ಬಂದರು, ನೋಡಿದರು, ತೀರ್ಪು ಕೊಟ್ಟರು.

“ಅಳಿಯಂದ್ರೇ, ಇದು ಮಂಗನಬಾವು.”

“ಅತ್ತೆ, ನನಗೆ ಐವತ್ತು ದಾಟಿದೆ. ಅದು ಮಕ್ಕಳಿಗೆ ಬರೋದು.”

“ಬಾವಿಗೇನ್ ಗೊತ್ತು ನಿಮ್ ವಯಸ್ಸು? ಸುಮ್ನೆ ಕೂತ್ಕೊಳ್ಳಿ.”

ಬಟ್ಟೆಗೆ ಹಾಕುವ ನೀಲಿಯನ್ನು ಕೆನ್ನೆಗೆ ಬಳಿದರು. ಮಂಗನಬಾವಿಗೆ ಚಿನ್ನ ಸೋಕಬೇಕಂತೆ, ಹೆಂಡತಿಯ ಎರಡೆಳೆ ಸರವೂ ನನ್ನ ಕತ್ತಿಗೆ ಬಿತ್ತು. ಅದೇ ಅಲಂಕಾರದಲ್ಲಿ ಗಲ್ಲಾದ ಮುಂದೆ ಕೂತೆ. ಖಾಯಂ ಗಿರಾಕಿಯೊಬ್ಬ ಬಂದವನೇ, “ಏನ್ ಗುರು, ನಾಟಕದಲ್ಲಿ ಕೃಷ್ಣನ್ ಪಾರ್ಟಾ? ಕೊಳಲೆಲ್ಲಿ?” ಎಂದ. ಅವತ್ತು ಅವನಿಗೆ ರುಚಿ ನೋಡಲು ಒಂದು ಹೋಳೂ ಕೊಡಲಿಲ್ಲ.

ನೀಲಿ ಹೋಯಿತು, ಊತ ಹೋಗಲಿಲ್ಲ. ಅಷ್ಟರಲ್ಲಿ ಕಾಯಿ ಮೂಟೆಗಟ್ಟಲೆ ಬಂದು ಬಿದ್ದವು.

“ಮಾವಿನಕಾಯಿ ನಿಮ್ ದವಡೆಗೆ ಕಾಯಲ್ಲ ರೀ,” ಎಂದು ಹೆಂಡತಿ ತನ್ನ ಹಿಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, “ಮುಚ್ಚಿ,” ಎಂದಳು. ಕೆಲಸದ ಹೆಂಗಸರು ಮುಚ್ಚಿಯೇಬಿಟ್ಟರು! ದವಡೆಗಿಂತ ಎದೆ ಜಾಸ್ತಿ ನೊಂದಿತು. ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಕುಮಾರ ಪಾರ್ಕಿನ ಡಾಕ್ಟರಮ್ಮನ ಹತ್ತಿರ ಓಡಿದೆ.

ಅವರು ಕೈಗೆ ಗ್ಲೌಸ್ ಹಾಕಿ, ನನ್ನ ನಾಲಿಗೆಯಡಿ ಬೆರಳಿಟ್ಟು, ಹೊರಗಿನಿಂದ ದವಡೆ ಒತ್ತಿ ನೋಡಿದರು.

“ಏನ್ ಕೆಲಸ ನಿಮ್ದು?”

“ಉಪ್ಪಿನಕಾಯಿ, ಮೇಡಂ.”

ಅವರು ನಗು ತಡೆದುಕೊಂಡು ಸ್ಕ್ಯಾನಿಂಗ್ ಮಾಡಿಸಿದರು. “ಜೊಲ್ಲು ಬರೋ ನಾಳದಲ್ಲಿ ಕಲ್ಲು ಸಿಕ್ಕಾಕೊಂಡಿದೆ. ಹುಳಿ ಕಂಡ್ರೆ ಜೊಲ್ಲು ಬರತ್ತೆ, ದಾರಿ ಕಟ್ಟಿದೆ, ಅದಕ್ಕೇ ಊದತ್ತೆ.”

“ಕಲ್ಲಾ? ನಾನು ಉಪ್ಪನ್ನೂ ಜರಡಿ ಹಿಡಿಯೋನು ಮೇಡಂ!”

“ತಿಂದ ಕಲ್ಲಲ್ಲ, ಅಲ್ಲೇ ಕಟ್ಟಿಕೊಂಡಿದ್ದು. ನೀರು ಕಮ್ಮಿ ಕುಡೀತೀರಾ?”

ಗಲ್ಲಾ ಬಿಟ್ಟು ಏಳಬೇಕಾಗುತ್ತದೆಂದು ಹಗಲು ಪೂರ್ತಿ ನೀರು ಮುಟ್ಟದವನು ನಾನು. “ಕುಡೀತೀನಿ ಮೇಡಂ,” ಎಂದೆ. ಹೆಂಡತಿ ಎಲ್ಲ ಹೇಳಿಬಿಟ್ಟಳು.

“ಚಿಕ್ಕದು, ನಾಳದ ತುದೀಲೇ ಇದೆ. ಚೆನ್ನಾಗಿ ನೀರು ಕುಡೀರಿ, ಶಾಖ ಕೊಡಿ, ದವಡೆ ಕೆಳಗೆ ಹಿಂದಿನಿಂದ ಮುಂದಕ್ಕೆ ತೀಡಿ. ನಿಂಬೆಹೋಳು ಚೀಪಿ, ಜೊಲ್ಲೇ ಕಲ್ಲನ್ನ ಹೊರಗೆ ತಳ್ಳತ್ತೆ. ಬರ್ಲಿಲ್ಲ ಅಂದ್ರೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸಣ್ಣದಾಗಿ ಕುಯ್ದು ತೆಗೀತೀನಿ. ಜ್ವರ ಬಂದ್ರೆ ಮಾತ್ರ ಕಾಯ್ಬೇಡಿ, ಬಂದ್ಬಿಡಿ.”

ಅಂಗಡಿಗೆ ಬಂದವನೇ ಸಾರಿದೆ: “ಡಾಕ್ಟರೇ ಹೇಳವ್ರೆ, ರುಚಿ ನೋಡೋದೇ ನನಗೆ ಟ್ರೀಟ್‌ಮೆಂಟು!”

“ನಿಂಬೆ ಅಂದ್ರು ರೀ. ಮಾವಿನಕಾಯಿ ಅನ್ಲಿಲ್ಲ. ನಾನೂ ಪಕ್ಕದಲ್ಲೇ ಇದ್ದೆ.” ಕೈಗೆ ಒಂದು ಹೋಳು ತುರುಕಿ ಭರಣಿಗಳ ಕಡೆ ಹೋದಳು.

ನೀರು ಕುಡಿದೆ, ತೀಡಿದೆ, ಚೀಪಿದೆ. ಒಂದು ಬೆಳಿಗ್ಗೆ ಹೊಸದಾಗಿ ಬೆರೆಸಿದ ಕಾಯಿಯ ಮುಂದೆ ಅವಳು ಕೂತಿರುವಾಗ ತಡೆಯಲಾಗದೆ, ಅವಳಿಗಿಂತ ಮೊದಲೇ ಹಿಂಗೈಗೆ ರಸ ಬಿಟ್ಟುಕೊಂಡು ನೆಕ್ಕಿದೆ. ನಾಲಿಗೆಯಡಿ ಚುಳ್ಳೆಂದಿತು. ಏನೋ ಉರುಳಿ ಹಲ್ಲಿಗೆ ಸಿಕ್ಕಿತು. ಅಂಗೈಗೆ ಉಗುಳಿದೆ. ಅಕ್ಕಿನುಚ್ಚಿನಷ್ಟು ಹಳದಿ ಕಲ್ಲು.

“ಉಪ್ಪು ಜರಡಿ ಹಿಡಿದೋರು ಯಾರು? ನೋಡಿಲ್ಲಿ ಕಲ್ಲು!” ಎಂದು ಕೂಗಿದೆ.

ಹೆಂಡತಿ ಅಂಗೈ ನೋಡಿದಳು, ನನ್ನ ದವಡೆ ನೋಡಿದಳು. “ರೀ, ಅದು ನಿಮ್ದೇ. ಜರಡಿ ನಿಮಗೇ ಹಿಡೀಬೇಕಿತ್ತು.”

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಗತ್ತು ಬಿಡದೆ, “ಮುಚ್ಚಿ,” ಎಂದೆ. ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು. ಅವಳು ನಿಧಾನವಾಗಿ ನೆಕ್ಕಿ, “ಇನ್ನೊಂದು ಹಿಡಿ ಉಪ್ಪು. ಆಮೇಲೆ ಮುಚ್ಚಿ,” ಎಂದಳು.

ಮುಕ್ಕಾಲು ಹಿಡಿ ಸಾಕಿತ್ತು ಎಂಬುದು ಈಗಲೂ ನನ್ನ ವಾದ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು, ಭರಣಿ ನಲವತ್ತು, ಗಲ್ಲಾದ ಪಕ್ಕ ನೀರಿನ ಚೊಂಬು ಒಂದು, ಡಬ್ಬಿಯಲ್ಲಿ ಕಲ್ಲು ಒಂದು, ‘ಮುಚ್ಚಿ’ ಅನ್ನುವ ನಾಲಿಗೆ ಎರಡು.