ಸಂಕಪ್ಪಣ್ಣ ನೋಡಿದ ಗಾಯ

ನನಗೆ ಕೋಳಿಅಂಕ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎರಡು ಹುಂಜಗಳ ಕಾಲಿಗೆ ಕತ್ತಿ ಕಟ್ಟಿ, ಸುತ್ತ ನಿಂತು ಬೊಬ್ಬೆ ಹೊಡೆಯುವುದರಲ್ಲಿ ಎಂಥ ಪೌರುಷವೋ ದೇವರಿಗೇ ಗೊತ್ತು. ಆದರೆ ಮರ್ಕಂಜದಲ್ಲಿ ಅಂಕ ನಡೆಯುವ ಗದ್ದೆ ನಮ್ಮ ಅಂಗಳದ ಎದುರಿಗೇ ಇದ್ದದ್ದರಿಂದ ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು. ಸಂಕಪ್ಪಣ್ಣನನ್ನು ನಾನು ಹತ್ತಿರದಿಂದ ನೋಡಿದ್ದು ಹಾಗೆ.

ಸಂಕಪ್ಪಣ್ಣ ಹುಂಜ ಸಾಕಿ ಮೆರೆದವನಲ್ಲ, ಪಂಥ ಕಟ್ಟಿದವನೂ ಅಲ್ಲ. ಅವನ ಮರುಳೆಲ್ಲ ಬಾಳುಗಳ ಮೇಲೆ. ಹುಂಜದ ಕಾಲಿಗೆ ಕಟ್ಟುವ ಬೆರಳುದ್ದದ ಕತ್ತಿಗೆ ನಮ್ಮಲ್ಲಿ ಬಾಳು ಎನ್ನುತ್ತಾರೆ. ಯಾವ ಬಾಳು ಎಷ್ಟು ಗಾಯ ಮಾಡುತ್ತದೆ ಎಂದು ಅಳೆಯುವುದೇ ಅವನ ಕಸುಬು. ಕೊಟ್ಟಿಗೆಯ ಮಾಡಿನಿಂದ ಬಾಳೆದಿಂಡು ನೇತುಹಾಕಿ, ಅದಕ್ಕೆ ನಾಲ್ಕು ಗರಿ ಸಿಕ್ಕಿಸಿ, ಬಾಳು ಕಟ್ಟಿದ ಹುಂಜವನ್ನು ಅದರ ಮೇಲೆ ಬಿಡುತ್ತಿದ್ದ. ಆ ಪೆದ್ದು ಹುಂಜ ದಿಂಡನ್ನೇ ವೈರಿಯೆಂದು ತಿಳಿದು ಹಾರಿ ಹಾರಿ ಒದೆಯುತ್ತಿತ್ತು. ಆಮೇಲೆ ಸಂಕಪ್ಪಣ್ಣ ಒಂದೊಂದು ಸೀಳಿಗೂ ಹಿಡಿಸೂಡಿ ಪೊರಕೆಯ ಕಡ್ಡಿ ಇಳಿಸಿ, ಉಗುರಿನಿಂದ ಗುರುತು ಹಾಕಿ ಆಳ ನೋಡುತ್ತಿದ್ದ.

ಭಾರದ ಬಾಳು ಒಳ್ಳೆಯದೋ ಹಗುರದ್ದೋ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಕೇಳಿದವನ ಗಂಜಿ ಆರಿದ ಹಾಗೆಯೇ.

“ಭಾರದ್ದು ಆಳ ಹೋಗ್ತದೆ ಮಾರಾಯ, ಆದರೆ ಹುಂಜ ಕಾಲು ಎತ್ತುದು ಕಮ್ಮಿ. ಹಗುರದ್ದು ಮೇಲಿಂದ ಮೇಲೆ ಬೀಳ್ತದೆ, ಆದರೆ ಗೀರುದು ಮಾತ್ರ. ಒಂದು ಪೆಟ್ಟು ನೋಡಿ ಎಂತ ಹೇಳುದು? ಹುಂಜಕ್ಕೆ ಸುಸ್ತಾಗುವವರೆಗಿನ ಪೆಟ್ಟೆಲ್ಲ ಕೂಡಿಸಿ ನೋಡ್ಬೇಕು.”

ಬರಬರುತ್ತ ಕಡ್ಡಿಯೂ ಬೇಡವಾಯಿತು. ಸೀಳಿನ ಬಾಯಿ ನೋಡಿಯೇ ಇಷ್ಟು ಆಳ ಎನ್ನುತ್ತಿದ್ದ. ಸಂಶಯದವರು ಕಡ್ಡಿ ಇಳಿಸಿ ನೋಡಿದರೆ ಅಷ್ಟೇ ಇರುತ್ತಿತ್ತು. ಬೆಟ್ಟಂಪಾಡಿ ಕಡೆಯಿಂದಲೂ ಜನ ಬಾಳು ಹಿಡಿದುಕೊಂಡು ಬರತೊಡಗಿದರು. ಹೆಂಡತಿ ವಾರಿಜಾಕ್ಷಿ ಮಾತ್ರ, “ಇವರಿಗೆ ಬಾಳೆದಿಂಡಿನ ಪಲ್ಯ ಬಡಿಸುವ ಹಾಗಿಲ್ಲ, ತಿನ್ನುವ ಮೊದಲು ಗಾಯ ಹುಡುಕ್ತಾರೆ” ಎಂದು ನಗುತ್ತಿದ್ದಳು.

ಅವಳಿಗೆ ಒಬ್ಬನೇ ತಮ್ಮ, ದೇವದಾಸ. ತಂದೆತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದ್ದು ಅಕ್ಕ ಮತ್ತು ಭಾವನೇ. ಭಾವ ಹೇಳಿದ್ದೇ ಅವನಿಗೆ ವೇದವಾಕ್ಯ. ಭಾವ ಆರಿಸಿಕೊಟ್ಟ ಬಾಳನ್ನಲ್ಲದೆ ಬೇರೆಯದನ್ನು ಅವನು ತನ್ನ ಹುಂಜಕ್ಕೆ ಕಟ್ಟುತ್ತಿರಲಿಲ್ಲ.

ಎಪ್ಪತ್ತೆಂಟರಲ್ಲಿ, ಕೊಯ್ಲು ಮುಗಿದ ಮೇಲೆ ನಡೆದ ಅಂಕದಲ್ಲಿ ದೇವದಾಸನ ಹುಂಜ ಗೆದ್ದಿತು. ಗೆದ್ದ ಹುಂಜವನ್ನು ಒಡೆಯನೇ ಎತ್ತಿಕೊಳ್ಳಬೇಕು, ಬೇರೆಯವರು ಮುಟ್ಟಬಾರದು ಎಂಬುದು ನಮ್ಮ ಗದ್ದೆಯ ಕಟ್ಟಳೆ. ದೇವದಾಸ ಖುಷಿಯಲ್ಲಿ ಬಗ್ಗಿದ. ಹುಂಜಕ್ಕೆ ಇನ್ನೂ ಆವೇಶ ಇಳಿದಿರಲಿಲ್ಲ. ಎದೆಗೆ ಅವಚಿಕೊಳ್ಳುವಷ್ಟರಲ್ಲಿ ಜಾರಿ ಒದೆಯಿತು, ಬಾಳು ಅವನ ತೊಡೆಯ ಒಳಬದಿಗೆ ಹೊಕ್ಕಿತು.

ಸಂಕಪ್ಪಣ್ಣ ಓಡಿಬಂದು ಮುಂಡು ಸರಿಸಿ ನೋಡಿದ. ಗಾಯದ ಬಾಯಿ ಒಂದು ಭತ್ತದ ಕಾಳಿನಷ್ಟು. ರಕ್ತವೂ ಹೆಚ್ಚಿಗೆ ಬರುತ್ತಿರಲಿಲ್ಲ.

“ಆಳ ಇಲ್ಲ, ಗೀರಿದ್ದು ಮಾತ್ರ. ಅರಸಿನ ಹಾಕಿ ಕಟ್ಟಿ” ಎಂದ.

ಬಾಡಿಗೆ ಜೀಪಿನ ಮೊಯ್ದಿನಬ್ಬ ಗೋಣಿ ಹೇರಿಕೊಂಡು ಸುಳ್ಯಕ್ಕೆ ಹೊರಟವನು ಬೊಬ್ಬೆ ಕೇಳಿ ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ. “ಸಂಕಪ್ಪಣ್ಣ, ನಾನು ಹೇಗೂ ಸುಳ್ಯಕ್ಕೆ ಹೋಗುದು. ಹತ್ತಿಸಿ, ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಬಿಡುವ” ಎಂದ.

“ಬೇಡ ಮೊಯ್ದಿನಬ್ಬ. ನಾನು ನೋಡಿದೆನಲ್ಲ.”

ಅವನೇ ನೋಡಿದ ಮೇಲೆ ಎದುರಾಡುವವರು ಮರ್ಕಂಜದಲ್ಲಿ ಯಾರಿದ್ದರು? ಜೀಪು ಹೋಯಿತು.

ಬಾಳೆದಿಂಡಿನ ಸೀಳು ಸೀಳಿದ ಹಾಗೆಯೇ ತೆರೆದುಕೊಂಡಿರುತ್ತದೆ. ಮನುಷ್ಯನ ಮಾಂಸ ಹಾಗಲ್ಲ. ಕತ್ತಿ ಹೊರಬಂದ ಕೂಡಲೇ ಬಾಯಿ ಮುಚ್ಚಿಕೊಂಡು ಬಿಡುತ್ತದೆ, ರಕ್ತ ಒಳಗೊಳಗೇ ಹರಿಯುತ್ತದೆ. ಅಷ್ಟು ವರ್ಷ ಗಾಯದ ಲೆಕ್ಕ ಹಾಕಿದವನಿಗೂ ಅದು ಹೊಳೆಯಲಿಲ್ಲ, ಸುತ್ತ ನಿಂತ ನಮಗೂ ಹೊಳೆಯಲಿಲ್ಲ. ದೇವದಾಸ ಗದ್ದೆಬದಿಯ ಕಟ್ಟಪುಣಿಯ ಮೇಲೆ ಕುಳಿತು ಸೋಡಾ ಕುಡಿದ, ಮುಂದಿನ ಜೋಡಿಯ ಕಾಳಗ ನೋಡಿದ. ಆಮೇಲೆ ಚಳಿ ಎಂದ. ಮುಂಡು ಸರಿಸಿದರೆ ತೊಡೆ ಊದಿ ಕಲ್ಲಿನ ಹಾಗೆ ಬಿಗಿದಿತ್ತು, ಮುಖ ಬಿಳಿಚಿ ಹೋಗಿತ್ತು.

ಊರಲ್ಲಿ ಬೇರೆ ವಾಹನ ಇರಲಿಲ್ಲ. ಮೊಯ್ದಿನಬ್ಬ ಸುಳ್ಯದಿಂದ ವಾಪಸು ಬರುವವರೆಗೆ ಕಾಯಬೇಕಾಯಿತು. ಬಂದವನು ಜೀಪು ತಿರುಗಿಸಿ ದೇವದಾಸನನ್ನೂ ಸಂಕಪ್ಪಣ್ಣನನ್ನೂ ಹತ್ತಿಸಿಕೊಂಡ. ಸಂಕಪ್ಪಣ್ಣ ಭಾವಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೊಂಡದ ರಸ್ತೆಯಲ್ಲಿ ಜೀಪು ಹಾರುತ್ತಿದ್ದಾಗ ದೇವದಾಸ ಕಣ್ಣು ಬಿಟ್ಟು, “ಇಷ್ಟು ಗಡಿಬಿಡಿ ಎಂತಕ್ಕೆ? ನಿಧಾನ ಹೋಗಿ. ಭಾವ ನೋಡಿದ್ದಾರಲ್ಲ, ಆಳ ಇಲ್ಲ” ಎಂದನಂತೆ. ಸುಳ್ಯ ಮುಟ್ಟುವ ಮೊದಲೇ ಉಸಿರು ನಿಂತಿತು. ಇದನ್ನು ಹೇಳುವಾಗಲೆಲ್ಲ ಮೊಯ್ದಿನಬ್ಬ ಅಳುತ್ತಿದ್ದ. ಕೇಳುವ ನನಗೂ ತಡೆಯುತ್ತಿರಲಿಲ್ಲ.

ಮನೆಗೆ ಬಂದ ಸಂಕಪ್ಪಣ್ಣ ಬೇರೆಯವರು ಬಾಯಿಬಿಡುವ ಮೊದಲೇ ಹೆಂಡತಿಯ ಮುಂದೆ ನಿಂತು, “ಜೀಪು ಎದುರಿಗೇ ಇತ್ತು. ಬೇಡ ಹೇಳಿದ್ದು ನಾನೇ” ಎಂದ. ವಾರಿಜಾಕ್ಷಿ ಅವನನ್ನು ದೂರಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಬೈದಿದ್ದರೆ, ಶಾಪ ಹಾಕಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅವಳು ಹೊತ್ತುಹೊತ್ತಿಗೆ ಬಡಿಸಿದಳು, ಅವನು ತಲೆ ತಗ್ಗಿಸಿ ಉಂಡ.

ಅಂಕದ ಗದ್ದೆಗೆ ಅವನು ಮತ್ತೆ ಕಾಲಿಡಲಿಲ್ಲ. ಬದಲಿಗೆ ಬೇರೊಂದು ಮರುಳು ಹಿಡಿಯಿತು. ಊರಲ್ಲಿ ಯಾರ ಕಾಲಿಗೆ ಮುಳ್ಳು ಹೆಟ್ಟಿದರೂ ಸರಿ, ಯಾರ ಕೈ ತರಚಿದರೂ ಸರಿ, ಓಡಿಹೋಗಿ ಜೀಪು ಕರೆದು ತರುತ್ತಿದ್ದ. “ನನ್ನ ಹತ್ತಿರ ಕೇಳ್ಬೇಡಿ, ಆಸ್ಪತ್ರೆಗೆ ನಡೀರಿ” ಎಂದು ರಟ್ಟೆ ಹಿಡಿದು ಎಳೆಯುತ್ತಿದ್ದ. ಹಾವು ಕಚ್ಚಿದವ ಹಗ್ಗ ಕಂಡರೂ ಹೆದರಿದ ಎಂದು ಜನ ಆಡಿಕೊಂಡರು. ಆಡಿಕೊಳ್ಳುವ ಬಾಯಿಗೆ ಏನು ಬೇಲಿಯೇ?

ಆರೇಳು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಸ್ವಲ್ಪ ಮಜ್ಜಿಗೆ ಕೇಳಲು ಅವರ ಮನೆಗೆ ಹೋದಾಗ ವಾರಿಜಾಕ್ಷಿ ಮೆಟ್ಟುಕತ್ತಿಯಲ್ಲಿ ಸೌತೆ ಹೆಚ್ಚುತ್ತಿದ್ದಳು. ನನ್ನ ಕಡೆ ತಿರುಗಿದವಳು ಅಂಗೈ ಕೊಯ್ದುಕೊಂಡಳು. ಸಂಕಪ್ಪಣ್ಣ ಅಂಗಳದಿಂದಲೇ ರಕ್ತ ಕಂಡು ಜೀಪಿಗೆಂದು ಓಡಲು ಹೊರಟ.

“ನಿಲ್ಲಿ” ಎಂದಳು ವಾರಿಜಾಕ್ಷಿ. ಅವಳು ಹಾಗೆ ಗಟ್ಟಿಯಾಗಿ ಕರೆದದ್ದನ್ನು ನಾನು ಕೇಳಿದ್ದೇ ಇಲ್ಲ. “ಇಲ್ಲಿ ಬನ್ನಿ. ನೀವೇ ನೋಡಿ ಹೇಳಿ. ನೀವು ಹೇಳಿದರೆ ನನಗೆ ಸಾಕು.”

ಅವನು ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತ. ಅಂಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ನೋಡಿದ, ನೋಡುತ್ತಲೇ ಇದ್ದ. ಅದು ಬರೀ ತೊಗಲು ಹರಿದ ಗಾಯ, ನನಗೇ ಕಾಣುತ್ತಿತ್ತು.

“ನನಗೆ ಗೊತ್ತಾಗುದಿಲ್ಲ ವಾರಿಜಾ,” ಎಂದು ಅವನು ಮಗುವಿನ ಹಾಗೆ ಅತ್ತುಬಿಟ್ಟ. “ನನಗೆ ಗೊತ್ತಾಗುದಿಲ್ಲ.”

ಅವಳು ಇನ್ನೊಂದು ಕೈಯನ್ನು ಅವನ ತಲೆಯ ಮೇಲಿಟ್ಟು, ನನ್ನ ಕಡೆ ನೋಡಿ, “ಮೊಯ್ದಿನಬ್ಬನಿಗೆ ಜೀಪು ತರಲಿಕ್ಕೆ ಹೇಳಿ ಬನ್ನಿ” ಎಂದಳು.