ಬಿರುಕಿನ ಮೇಲೆ ಬಳಿದ ಬಣ್ಣ

ಅವನು ನನ್ನ ಜೊತೆ ಮೂರನೇ ಕ್ಲಾಸಿನಿಂದ ಓದಿದವನು. ದೊಡ್ಡವರಾದ ಮೇಲೆ ನಾನು ಶಿರಾಳಕೊಪ್ಪದಲ್ಲಿ ಅಬ್ಬಾನ ಸೈಕಲ್ ಅಂಗಡಿಗೆ ಕೂತೆ, ಅವನು ತೊಗರ್ಸಿ ಕಡೆಯ ತನ್ನ ಹಳ್ಳಿಯಲ್ಲಿ ನೀರುಗಂಟಿಯಾದ. ಬೆಳಿಗ್ಗೆ ಎದ್ದು ಕೇರಿಕೇರಿಗೂ ಸರದಿಯ ಮೇಲೆ ಕುಡಿಯುವ ನೀರು ಬಿಡುವುದು ಅವನ ಕೆಲಸ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿನ ಮೇಲಿನ ಪೈಪಿಗೆ ಹಳೇ ಟ್ಯೂಬಿನಿಂದ ಬಿಗಿದುಕೊಂಡು ಓಡಾಡುತ್ತಿದ್ದ. ಅದರ ಗಡಗಡ ಸದ್ದು ಕೇಳಿದರೆ ಸಾಕು, ಹೆಂಗಸರು ಕೊಡ ತಂದು ನಲ್ಲಿಯ ಕೆಳಗೆ ಇಡುತ್ತಿದ್ದರಂತೆ. ಇದನ್ನು ಅವನು ನನಗೆ ನೂರು ಸಲ ಹೇಳಿದ್ದ. ಹೇಳುವಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಒಂದು ಮಳೆಗಾಲದ ಕೊನೆಯಲ್ಲಿ ಸಂತೆಯ ದಿನ ಸೈಕಲ್ ತಳ್ಳಿಕೊಂಡು ಬಂದ. ಯಾವತ್ತೂ ತಳ್ಳಿಕೊಂಡು ಬರುವವನಲ್ಲ.

"ನೋಡು ಮಾರಾಯ, ಮುಂದ್ಗಡೆ ಕಟಕಟ ಅಂತದೆ. ಹ್ಯಾಂಡಲ್ ಯಾಕೋ ಒಂದ್ ಕಡೆ ಎಳೀತದೆ," ಅಂದ.

ಕೆಸರು ಒರೆಸಿ ನೋಡಿದೆ. ಹ್ಯಾಂಡಲ್ ಕೂರುವ ಹೆಡ್ ಪೈಪಿಗೆ ಕೆಳಗಿನ ಪೈಪು ಬಂದು ಸೇರುವ ಜಾಗದಲ್ಲಿ, ಬಣ್ಣದ ಮೇಲೆ ಒಂದು ಸಣ್ಣ ಕೆಂಪು ಗೆರೆ. ಕೂದಲಿನಷ್ಟು ತೆಳ್ಳಗೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಒತ್ತಿ ಬಿಟ್ಟೆ. ಗೆರೆ ಬಾಯಿ ತೆರೆದು ಮುಚ್ಚಿತು.

ಫ್ರೇಮ್ ಒಂದೇ ಏಟಿಗೆ ಮುರಿಯುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗೆ ಮುರಿಯುವುದು ಬಹಳ ಕಡಿಮೆ. ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಆ ಪೆಟ್ಟು ಫೋರ್ಕಿನಿಂದ ಹತ್ತಿ ಬಂದು ಇದೇ ಜಾಗದಲ್ಲಿ ನಿಲ್ಲುತ್ತದೆ. ಪೈಪು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ಕೈಯಲ್ಲೇ ತುಂಡಾಗುತ್ತದಲ್ಲ, ಅದೇ ಕೆಲಸ ಇಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಎಲ್ಲೋ ಸೂಜಿಮೊನೆಯಷ್ಟು ಸೀಳು ಹುಟ್ಟಿತೆಂದರೆ ಮುಗಿಯಿತು, ಅದು ಬೆಳೆಯುತ್ತಲೇ ಹೋಗುತ್ತದೆ. ಮೇಲೆ ಕೂತವನಿಗೆ ಏನೂ ತಿಳಿಯುವುದಿಲ್ಲ. ಅವನ ಸೈಕಲ್ಲಂತೂ ಒಮ್ಮೆ ಅಂಬ್ಲಿಗೊಳದ ನಾಲೆಯ ಮೋರಿಗೆ ಹೋಗಿ ಗುದ್ದಿತ್ತು. ಆಗ ಫೋರ್ಕ್ ನೆಟ್ಟಗೆ ಮಾಡಿಕೊಟ್ಟವನೂ ನಾನೇ.

"ಇದ್ರ ಕಥೆ ಮುಗೀತು ದೋಸ್ತ. ಫ್ರೇಮೇ ಬದಲಾಯಿಸ್ಬೇಕು," ಅಂದೆ.

"ಬದಲಾಯ್ಸಣ. ದೀಪಾವಳಿ ಮುಗೀಲಿ. ಈಗೊಂಚೂರು ಬೆಸುಗೆ ಹಾಕ್ಕೊಡು."

"ಇಲ್ಲಿ ಬೆಸುಗೆ ನಿಲ್ಲಲ್ಲ ಕಣೋ. ಪಕ್ಕದಲ್ಲೇ ಬಿಡ್ತದೆ."

"ನೀನು ಹಾಕಿದ್ ಬೆಸುಗೆ ಬಿಡ್ತದೇನೋ? ಬೆಳಿಗ್ಗೆ ನೀರು ಬಿಡ್ಬೇಕು, ಹೆಂಗಸ್ರು ಕೊಡ ಹಿಡ್ಕಂಡು ನಿಂತಿರ್ತಾರೆ. ಹಾಕು ಹಾಕು."

ಅಬ್ಬಾ ಆ ಜಾಗಕ್ಕೆ ಯಾವತ್ತೂ ಬೆಸುಗೆ ಹಾಕಿದವರಲ್ಲ. ಬೇರೆ ಕಡೆ ಎಲ್ಲಿ ಬೇಕಾದರೂ ಹಾಕುತ್ತಿದ್ದರು, ಅಲ್ಲಿ ಮಾತ್ರ ಆಗುವುದಿಲ್ಲ ಅನ್ನುತ್ತಿದ್ದರು. ಗಿರಾಕಿ ಬೈದು ಹೋದರೂ ಸುಮ್ಮನಿರುತ್ತಿದ್ದರು. ಬೆಂಕಿ ತಾಗಿದ ಪೈಪು ಬೆಸುಗೆಯ ಅಂಚಿನಲ್ಲಿ ಮೊದಲಿನ ಗಟ್ಟಿತನ ಕಳೆದುಕೊಳ್ಳುತ್ತದೆ ಎಂದು ಅವರೇ ನನಗೆ ಕಲಿಸಿದ್ದು. ಅದೆಲ್ಲ ನನಗೆ ನೆನಪಿತ್ತು. ಆದರೂ ಗ್ಯಾಸ್ ಹಚ್ಚಿದೆ. ಪಿತ್ತಾಳೆ ಕಡ್ಡಿ ಕರಗಿಸಿ ಗೆರೆಯನ್ನು ತುಂಬಿದೆ, ಅರದಿಂದ ಉಜ್ಜಿ ನುಣುಪು ಮಾಡಿದೆ. ಆಮೇಲೆ ಕರಿ ಬಣ್ಣ ಬಳಿದೆ.

ಬಣ್ಣ ಬಳಿಯದೆ ಬಿಟ್ಟಿದ್ದರೆ ಹೊಸ ಬಿರುಕು ಹುಟ್ಟಿದ ದಿನವೇ ಅವನ ಕಣ್ಣಿಗೆ ಬೀಳುತ್ತಿತ್ತೋ ಏನೋ. ಕೆಲಸ ಅಂದವಾಗಿ ಕಾಣಲಿ ಎಂದು ಬಳಿದುಬಿಟ್ಟೆ.

"ಹೊಸಾದಂಗೆ ಆಯ್ತಲ್ಲೋ!" ಅಂದ ಅವನು.

"ಹದಿನೈದು ದಿನಕ್ಕೆ ತಂದು ತೋರಿಸ್ಬೇಕು ನೋಡು," ಅಂದೆ. ತಲೆ ಆಡಿಸಿ ಹೋದ.

ಹದಿನೈದು ದಿನ ಕಳೆದವು, ದೀಪಾವಳಿಯೂ ಕಳೆಯಿತು. ಆ ನಡುವೆ ಅವನು ಮೂರು ಸಂತೆಗೆ ಬಂದಿದ್ದ. ಮೂರು ಸಲವೂ ಇಬ್ಬರೂ ಚಹಾ ಕುಡಿದೆವು, ಅವನ ಮಗಳ ಕಾಲೇಜಿನ ಮಾತಾಡಿದೆವು. ಸೈಕಲ್ ನನ್ನ ಅಂಗಡಿಯ ಗೋಡೆಗೇ ಒರಗಿತ್ತು. ಒಮ್ಮೆಯಾದರೂ ನಾನು ಬಗ್ಗಿ ನೋಡಲಿಲ್ಲ.

ಅದಾಗಿ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ನೀರು ಬಿಟ್ಟು ಮನೆಗೆ ಬಂದು, ಕ್ಯಾರಿಯರ್ ಮೇಲೆ ಭತ್ತದ ಮೂಟೆ ಇಟ್ಟುಕೊಂಡು ಗಿರಣಿಗೆ ಹೊರಟಿದ್ದನಂತೆ. ಕೆರೆ ಏರಿಯಿಂದ ಇಳಿಯುವ ಜಾಗದಲ್ಲಿ ಫ್ರೇಮ್ ತುಂಡಾಯಿತು. ಹ್ಯಾಂಡಲ್ ಸಮೇತ ಮುಂದಿನ ಚಕ್ರ ಬೇರೆಯಾಗಿ, ಅವನು ಮುಖ ಅಡಿಯಾಗಿ ಹೋಗಿ ಮೋರಿಯ ಕಲ್ಲಿಗೆ ಬಿದ್ದ. ಹೊಲಕ್ಕೆ ಹೊರಟವರು ಎತ್ತಿಕೊಂಡು ಶಿಕಾರಿಪುರಕ್ಕೆ ಒಯ್ದರು. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ನಾನು ಹೋಗಿ ನೋಡುವಾಗ ತಲೆಗೆಲ್ಲ ಬಟ್ಟೆ ಸುತ್ತಿದ್ದರು. ಕೈ ಮುಟ್ಟಿದೆ. ಬೆಚ್ಚಗಿತ್ತು. ಬೆರಳಿನ ಸಂದಿಯಲ್ಲಿ ವಾಲ್ವಿನ ಗ್ರೀಸ್ ಇನ್ನೂ ಇತ್ತು, ಯಾರೂ ತೊಳೆದಿರಲಿಲ್ಲ. ಅವನು ಕಣ್ಣು ಬಿಡಲಿಲ್ಲ. ಮೂರನೇ ದಿನ ಹೋಗಿಬಿಟ್ಟ. ಊರವರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ತಿಂಗಳಾದ ಮೇಲೆ ಅವನ ಹೆಂಡತಿ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಅಂಗಡಿಗೆ ಬಂದಳು. ಜೊತೆಗೆ ಸೊರಬದ ಕಡೆಯಿಂದ ಬಂದಿದ್ದ ಅವಳ ಅಣ್ಣ ಇದ್ದ. ಎರಡು ತುಂಡನ್ನೂ ಇಳಿಸಿ ನನ್ನ ಮುಂದೆ ಇಟ್ಟರು.

"ಅಣ್ಣಾ, ಇದು ಯಾಕೆ ಮುರೀತು?" ಎಂದು ಕೇಳಿದಳು.

ನಾನು ಕೂತು ನೋಡಿದೆ. ನನ್ನ ಪಿತ್ತಾಳೆ ಹಾಗೇ ಇತ್ತು, ಒಂದಿಷ್ಟೂ ಬಿಟ್ಟಿರಲಿಲ್ಲ. ಅದರಿಂದ ಒಂದು ಬೆರಳು ಕೆಳಗೆ ಪೈಪು ಮುರಿದಿತ್ತು. ಮುರಿದ ಅಂಚಿನ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ ತುಕ್ಕು ಹಿಡಿದಿತ್ತು, ಉಳಿದದ್ದು ಸಕ್ಕರೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪಾದ ಭಾಗ ಹಳೆಯ ಬಿರುಕು, ಹೊಳೆಯುವುದು ಆ ಬೆಳಿಗ್ಗೆ ಹರಿದದ್ದು. ಅಂದರೆ ಅಷ್ಟು ದಿನವೂ ನಾನು ಬಳಿದ ಬಣ್ಣದ ಕೆಳಗೆ ಅದು ಸದ್ದಿಲ್ಲದೆ ಬೆಳೆಯುತ್ತಿತ್ತು. ಕೆಳಗಿನ ಪೈಪು ಪೂರ್ತಿ ಬಿಟ್ಟಾಗ ಮೇಲಿನದೂ ತಡೆಯದೆ ಕಿತ್ತು ಬಂದಿತ್ತು. ಇದನ್ನು ಓದಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ.

"ಲೋಡ್ ಜಾಸ್ತಿ ಆಗಿತ್ತು ಅನ್ಸುತ್ತೆ ತಂಗಿ," ಅಂದೆ.

ಅವಳು ನನ್ನನ್ನೇ ನೋಡಿದಳು. "ಹೌದಾ," ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ನೆನಪಿಗೆ ಅಳುತ್ತಿದ್ದಾಳೆ ಅಂದುಕೊಂಡೆ. ಸೈಕಲ್ ಅಲ್ಲೇ ಬಿಟ್ಟು ಇಬ್ಬರೂ ಹೋದರು. ಆಮೇಲೆ ಅವಳು ಮಗಳನ್ನು ಕರೆದುಕೊಂಡು ತವರು ಸೇರಿದಳೆಂದು ಸಂತೆಯಲ್ಲಿ ಯಾರೋ ಹೇಳಿದರು.

ಮರುವರ್ಷದ ಮಳೆಗಾಲದಲ್ಲಿ ಹಾಲು ಮಾರುವವನೊಬ್ಬ ಸೈಕಲ್ ತಂದ. ಅದೇ ಜಾಗ, ಅದೇ ಗೆರೆ. ಬೆಸುಗೆ ಹಾಕುವುದಿಲ್ಲ ಅಂದೆ. ಯಾಕೆ ಅಂದ. ಪೆಟ್ಟು ಎಲ್ಲಿ ಬಂದು ನಿಲ್ಲುತ್ತದೆ, ಬಿರುಕು ಹೇಗೆ ಬೆಳೆಯುತ್ತದೆ, ಬೆಸುಗೆ ಹಾಕಿದರೆ ಪಕ್ಕದಲ್ಲಿ ಯಾಕೆ ಬಿಡುತ್ತದೆ, ಎಲ್ಲವನ್ನೂ ಹೇಳಿದೆ. ಅವನು ಸೈಕಲ್ ತಳ್ಳಿಕೊಂಡು ಹೋದ ಮೇಲೆ ಹೊಳೆಯಿತು. ಹೆಸರೂ ಗೊತ್ತಿಲ್ಲದವನಿಗೆ ಇಷ್ಟು ಹೇಳಿದವನು ಅವಳಿಗೆ ಒಂದು ಮಾತು ಹೇಳಲಿಲ್ಲವಲ್ಲ.

ಮರುದಿನ ಅಂಗಡಿ ತೆರೆಯದೆ ಸೊರಬದ ಬಸ್ ಹತ್ತಿದೆ. ಅವಳ ಅಣ್ಣನ ಮನೆ ಹುಡುಕಿಕೊಂಡು ಹೋದಾಗ ಅವಳು ಅಂಗಳದಲ್ಲಿ ಕೂತು ಶುಂಠಿಯ ಮಣ್ಣು ಬಿಡಿಸುತ್ತಿದ್ದಳು. ಬಹಳ ಇಳಿದು ಹೋಗಿದ್ದಳು. ಬಳೆಗಳಿಲ್ಲದ ಕೈ ಕಡ್ಡಿಯ ಹಾಗಿತ್ತು.

"ಬನ್ನಿ ಅಣ್ಣಾ, ಕೂತ್ಕಳಿ," ಅಂದು ಎದ್ದಳು.

ನಾನು ಕೂರಲಿಲ್ಲ. ಕೂತರೆ ಹೇಳಲು ಆಗುವುದಿಲ್ಲ ಅನ್ನಿಸಿತು. ನಿಂತುಕೊಂಡೇ ಎಲ್ಲ ಹೇಳಿದೆ. ಬಿರುಕು ನೋಡಿದ್ದು, ಬೇಡ ಅಂತ ಗೊತ್ತಿದ್ದೂ ಬೆಸುಗೆ ಹಾಕಿದ್ದು, ಮೇಲೆ ಬಣ್ಣ ಬಳಿದದ್ದು, ಮತ್ತೆ ನೋಡದೆ ಬಿಟ್ಟದ್ದು. ಅವಳು ಕೈಯಲ್ಲಿದ್ದ ಶುಂಠಿಯನ್ನು ಬುಟ್ಟಿಗೆ ಹಾಕಿದಳು.

"ನೀವು ಲೋಡ್ ಅಂದಿದ್ರಿ," ಅಂದಳು.

"ಸುಳ್ಳು ಹೇಳ್ದೆ."

"ಅವತ್ತು ಮೂಟೆ ಕಟ್ಟಿದ್ದು ನಾನು. ಒಂದೇ ಸಾಕು, ಇನ್ನೊಂದು ನಾಳೆ ಒಯ್ತೀನಿ ಅಂದ್ರು ಅವ್ರು. ಎರಡೆರಡು ಸಲ ಯಾಕೆ ಓಡಾಡ್ತೀರಿ ಅಂತ ನಾನೇ ಎರಡನೇದನ್ನೂ ಎತ್ತಿ ಇಟ್ಟೆ. ನನ್ ಕೈಯಾರೆ ಹಗ್ಗ ಬಿಗಿದೆ." ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. "ನಾನೇ ಕೊಂದೆ ಅಂದ್ಕಂಡಿದ್ದೆ. ಯಾರ ಹತ್ರನೂ ಹೇಳಿಲ್ಲ. ನಮ್ಮಣ್ಣಂಗೂ ಇಲ್ಲ, ಮಗಳಿಗೂ ಇಲ್ಲ."

ನನ್ನ ಮರ್ಯಾದೆ ಉಳಿಸಿಕೊಳ್ಳಲು ಆಡಿದ ಒಂದು ಮಾತನ್ನು ಈ ಹೆಣ್ಣುಮಗಳು ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ಬದುಕಿದ್ದಳು.

"ಮೂಟೆ ಇಲ್ದಿದ್ರೂ ಅದು ಮುರೀತಿತ್ತು ತಂಗಿ. ಅವತ್ತಲ್ದಿದ್ರೆ ಆ ವಾರ. ಖಾಲಿ ಸೈಕಲ್ಲೇ ಮುರೀತಿತ್ತು."

"ಹಂಗಾದ್ರೆ ನಾನಲ್ವಾ?"

"ನೀನಲ್ಲ."

ಆಗ ಅವಳು ಅತ್ತಳು. ಮಣ್ಣು ಮೆತ್ತಿದ ಕೈಗಳನ್ನೇ ಮುಖಕ್ಕೆ ಮುಚ್ಚಿಕೊಂಡು, ಜೋರಾಗಿ, ಒಳಗಿದ್ದ ಅಣ್ಣ ಓಡಿ ಬರುವಷ್ಟು ಜೋರಾಗಿ ಅತ್ತಳು. ಅವನು ನನ್ನನ್ನು ನೋಡಿದ, ತಂಗಿಯನ್ನು ನೋಡಿದ. ಒಳಗೆ ಹೋಗಿ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ಒಂದ್ ಮಾತು ಹೇಳಕ್ಕೆ ಒಂದ್ ವರ್ಷ ಬೇಕಾಯ್ತಾ ಅಣ್ಣಾ ನಿಮಗೆ?" ಅಂದಳು.

ಅವಳು ಶುಂಠಿಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ನೀವಿನ್ನು ಹೋಗಿ. ನಿಮ್ ಮುಖ ನೋಡಕ್ಕೆ ಆಗ್ತಿಲ್ಲ ನಂಗೆ."

ಅವಳ ಅಣ್ಣ ರಸ್ತೆಯವರೆಗೂ ಬಂದ. ಬಸ್ಸು ಬರುವವರೆಗೂ ಪಕ್ಕದಲ್ಲಿ ನಿಂತಿದ್ದ. ಬಸ್ಸು ನಿಂತಾಗ, "ಹತ್ತಿ," ಅಂದ ಅಷ್ಟೆ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರಿಗೆ ಇನ್ನೂ ಅರ್ಧ ದಾರಿ ಇರುವಾಗ ನನಗೆ ಅಳು ಬಂತು. ಅವನು ಸತ್ತಾಗ ನಾನು ಅತ್ತಿರಲಿಲ್ಲ. ಮಣ್ಣು ಹಾಕುವಾಗಲೂ ಯಾರಿಗಾದರೂ ಗೊತ್ತಾದರೆ ಏನು ಗತಿ ಅನ್ನುವ ಭಯವೊಂದೇ ಒಳಗೆ ಇತ್ತು. ಈಗ ಗೊತ್ತಾಗಬೇಕಾದವರಿಗೆ ಗೊತ್ತಾಗಿತ್ತು. ಆ ಭಯ ಹೋದ ಮೇಲೆ, ಅವನು ಇನ್ನು ಯಾವ ಸಂತೆಗೂ ಬರುವುದಿಲ್ಲ ಅನ್ನುವುದು ಮೊದಲ ಸಲ ಅರ್ಥವಾಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾಕಪ್ಪಾ, ಮನೇಲಿ ಯಾರಾದ್ರೂ ತೀರ್ಕಂಡ್ರಾ?" ಎಂದು ಕೇಳಿದರು.

"ಹೌದಮ್ಮಾ, ನಮ್ಮವನೇ," ಅಂದೆ.

"ಯಾವಾಗ?"

ಹೋದ ವರ್ಷ ಎನ್ನಲು ಬಾಯಿ ಬರಲಿಲ್ಲ.