ಕಾಮಾ ಸಮೇತ ಓದುವ ದೊಡ್ಡಮ್ಮ

ಬಸ್ ನಿಲ್ದಾಣದ ಎದುರು ನನ್ನದೊಂದು ಫೋಟೋ ಇದೆ. ಎರಡಾಳೆತ್ತರದ ಬ್ಯಾನರಿನಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೇನೆ. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಯಾಕೆ ಎಂದು ಹೇಳಬೇಕಾದರೆ ನನ್ನ ವಿಷಯ ಬಿಟ್ಟು ದೊಡ್ಡಮ್ಮನ ವಿಷಯ ಹೇಳಬೇಕು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮೂವತ್ತೊಂದು ವರ್ಷದಿಂದ ಕೋರ್ಟಿನ ಪಕ್ಕದ ಓಣಿಯಲ್ಲಿ ಟೈಪಿಸ್ಟ್. ತಗಡಿನ ಮಾಡಿನ ಕೆಳಗೆ ಒಂದು ಮೇಜು, ಎರಡು ಬೆಂಚು, ಒಂದು ಕುಂಟು ಫ್ಯಾನು. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಅಫಿಡವಿಟ್, ಬಾಡಿಗೆ ಕರಾರು, ನೋಟಿಸಿಗೆ ಉತ್ತರ, ಏನೇ ಟೈಪಾಗಲಿ, ತಾಳೆ ನೋಡದೆ ಅವಳು ಕಾಗದ ಕೈಬಿಡುವುದಿಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪಾದದ್ದರ ಮೇಲೆ ಸ್ಕೇಲಿಟ್ಟು ಸಾಲು ಸಾಲಾಗಿ ನೋಡುತ್ತಾ ಬರಬೇಕು. ಅದೇ ತಾಳೆ. ದೊಡ್ಡಮ್ಮ ಓದುವಾಗ ಚಿಹ್ನೆಗಳನ್ನೂ ಬಿಡುವುದಿಲ್ಲ. "ಸದರಿ ಬಾಡಿಗೆದಾರರು ಕಾಮಾ ಅವರ ವಾರಸುದಾರರು ಕಾಮಾ" ಎಂದು ಅವಳ ದನಿ ಓಣಿಯ ಆ ಕೊನೆಗೂ ಕೇಳುತ್ತದೆ. ಓಣಿಯವರು ಅವಳಿಗೆ ಇಟ್ಟ ಹೆಸರು ಫುಲ್‌ಸ್ಟಾಪಮ್ಮ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ನಾನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ಉಳಿದದ್ದೆಲ್ಲ ಪರವಾಗಿಲ್ಲ, ಕೈಕೊಟ್ಟದ್ದು ಪ್ಯಾಸೇಜು. ದೊಡ್ಡದೊಂದು ಬರಹ ಕೊಟ್ಟು, ಅರ್ಥವಾಯಿತೋ ಇಲ್ಲವೋ ಎಂದು ಪ್ರಶ್ನೆ ಕೇಳುವ ಭಾಗ. ನಲವತ್ತಕ್ಕೆ ಹದಿನೇಳು ಬಂದಿತ್ತು. ಅಪ್ಪ ಗಲಾಟೆ ಮಾಡಲಿಲ್ಲ. "ಇನ್ನೊಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಈ ಲಾಯರ್ ಗೀಯರ್ ಮಾತು ಈ ಮನೇಲಿ ಬೇಡ," ಎಂದರು. ಆ ಮೆತ್ತಗಿನ ಮಾತೇ ನನ್ನ ನಿದ್ದೆ ಕೆಡಿಸಿತು.

ಕೋಚಿಂಗ್ ಸೆಂಟರಿಗೆ ಸೇರಿದೆ. ಅಲ್ಲಿ ಪ್ಯಾಸೇಜು ಕಲಿಸುವವರನ್ನು ನಾವು ಸ್ಪೀಡ್ ಸರ್ ಎನ್ನುತ್ತಿದ್ದೆವು. ಮೊದಲ ದಿನವೇ ಅವರು ಬೋರ್ಡಿಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತರು. "ಪ್ಯಾಸೇಜ್ ಓದ್ಬೇಡಿ. ಓದ್ತಾ ಕೂತ್ರೆ ಟೈಮ್ ಹೋಯ್ತು. ಮೊದಲು ಪ್ರಶ್ನೆ ನೋಡಿ. ಅದರಲ್ಲಿರೋ ಹೆಸರು, ತಾರೀಖು, ಅಂಕಿ ಹಿಡ್ಕೊಂಡು ಪ್ಯಾಸೇಜಲ್ಲಿ ಹುಡುಕಿ. ಸಿಕ್ತಾ, ಟಿಕ್ ಹಾಕಿ, ಮುಂದೆ ಹೋಗಿ."

ನಾನು ಹುಡುಕಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹುಡುಕಿದೆ. ಮಾದರಿ ಪರೀಕ್ಷೆಗಳಲ್ಲಿ ಹದಿನೆಂಟು ಬಂತು, ಆಮೇಲೆ ಹದಿನಾರು, ಮತ್ತೆ ಹದಿನೇಳು. "ಸ್ಪೀಡ್ ಸಾಲ್ದು," ಎಂದರು ಸ್ಪೀಡ್ ಸರ್. ನಾನು ನಂಬಿದೆ, ನನ್ನ ಕಣ್ಣೇ ನಿಧಾನ ಎಂದು ಅತ್ತೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪರೀಕ್ಷೆಗೆ ಎರಡು ತಿಂಗಳಿರುವಾಗ, ತಾಳೆ ನೋಡಲು ದೊಡ್ಡಮ್ಮನಿಗೆ ಜನ ಸಿಗದೆ ಮಧ್ಯಾಹ್ನ ನಾನು ಹೋಗಿ ಕೂರತೊಡಗಿದೆ. ಒಂದು ದಿನ ಆಸ್ಪತ್ರೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು ಮನೆ ಮಾಲೀಕರ ನೋಟಿಸು ಹಿಡಿದು ಬಂದಳು. ಓದಲು ಬಾರದವಳು. ದೊಡ್ಡಮ್ಮನ ಕೈಗೆ ಬಿಡುವಿರಲಿಲ್ಲ. "ನೀನೇ ಓದಿ ಹೇಳೇ, ಲಾಯರ್ ಆಗೋಳು ತಾನೆ," ಎಂದಳು.

ಎರಡು ಪುಟದ ನೋಟಿಸು. ನಾನು ಕಲಿತ ವಿದ್ಯೆ ತೋರಿಸಿದೆ. ಅರ್ಧ ನಿಮಿಷದಲ್ಲಿ ಅಂಕಿ ಹಿಡಿದೆ.

"ಹದಿನೈದು ದಿನದಲ್ಲಿ ಮನೆ ಖಾಲಿ ಮಾಡ್ಬೇಕಂತೆ."

ಆ ಹೆಂಗಸು ಬೆಂಚಿನ ಮೇಲೆ ಕುಸಿದು ಕೂತಳು. "ಮೂರು ಮಕ್ಕಳು ಕಟ್ಕೊಂಡು ಎಲ್ಲಿಗೆ ಹೋಗ್ಲಿ ನಾನು?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದೊಡ್ಡಮ್ಮನ ಬೆರಳು ನಿಂತವು. ನನ್ನ ಕೈಯಿಂದ ನೋಟಿಸು ಕಿತ್ತುಕೊಂಡು ಮೊದಲಿನಿಂದ ಕಾಮಾ ಸಮೇತ ಓದಿದಳು. ಚಾವಣಿ ರಿಪೇರಿ ಮಾಡಿಸಬೇಕು. ಆ ಸಮಯದಲ್ಲಿ ನೀವು ಮನೆಯಲ್ಲೇ ಇರುತ್ತೀರೋ ಇಲ್ಲವೋ ಹದಿನೈದು ದಿನದೊಳಗೆ ಬರೆದು ತಿಳಿಸಿ. ತಿಳಿಸದಿದ್ದರೆ ಮಾತ್ರ, ಮನೆ ಬಿಡಲು ಒಪ್ಪಿದ್ದೀರಿ ಎಂದುಕೊಳ್ಳುತ್ತೇವೆ. ಇದಿಷ್ಟು ಅದರಲ್ಲಿದ್ದದ್ದು.

"ಅಳಬೇಡಮ್ಮ. ಹದಿನೈದು ದಿನ ಇರೋದು ಉತ್ತರ ಕೊಡೋಕೆ. ಇವತ್ತೇ ಕೊಡೋಣ," ಎಂದು ಅವಳಿಗೆ ನೀರು ಕೊಟ್ಟು, ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಅಂಕಿ ಸಿಕ್ಕಿದ್ದೇ ತಡ, ನಿಂಗೆ ಸಾಕಾಯ್ತಾ? ಅದರ ಹಿಂದೆ ಏನಿದೆ, ಮುಂದೆ ಏನಿದೆ, ನೋಡೋ ಪುರುಸೊತ್ತಿಲ್ವಾ? ಯಾರೇ ನಿಂಗೆ ಈ ಬುದ್ಧಿ ಕಲಿಸಿದ್ದು?"

ಹೇಳಿದೆ. ಅವಳ ಪಿತ್ತ ನೆತ್ತಿಗೇರಿತು.

"ಓದ್ದೇ ಇರೋದು ಹೇಗೆ ಅಂತ ಹೇಳ್ಕೊಡೋಕೂ ಫೀಸ್ ತಗೋತಾರಾ? ಅದನ್ನ ನಾನು ಪುಗಸಟ್ಟೆ ಕಲಿತಿದ್ದೆ ಕಣೇ!"

ಆ ಸಂಜೆ ಮೇಜಿನ ಡ್ರಾಯರ್ ಎಳೆದು ನಾಲ್ಕು ಪುಟದ ಒಂದು ಜೆರಾಕ್ಸ್ ನನ್ನ ಮುಂದಿಟ್ಟಳು. ತನ್ನ ತಮ್ಮ, ಅಂದರೆ ನನ್ನ ಸೋದರಮಾವ, ಮಾಡಿಸಿಕೊಂಡ ಪತ್ರ. ಹತ್ತೊಂಬತ್ತು ವರ್ಷದ ಹಿಂದೆ ಲಾಯರ ಗುಮಾಸ್ತನ ಕೈಲಿ ಬಂದ ಹತ್ತಾರು ಕಾಗದಗಳ ನಡುವೆ ಇದರ ಕರಡೂ ಬಂದಿತ್ತಂತೆ. ಹೆಸರಿರಬೇಕಾದ ಕಡೆಯೆಲ್ಲ ಬರೀ ಚುಕ್ಕಿ. ಗಂಟೆಗೆ ಐದು ಕಾಗದ ಹೊಡೆಯುವ ಕಾಲ ಅದು. "ಅಕ್ಷರ ಕಣ್ಣಿಂದ ಬೆರಳಿಗೆ ಹೋಗ್ತಿತ್ತು, ತಲೆ ಹತ್ರಾನೂ ಸುಳೀತಿರ್ಲಿಲ್ಲ," ಎಂದಳು. ವಾರದ ಮೇಲೆ ಅದೇ ಕಾಗದ, ಚುಕ್ಕಿಗಳ ಜಾಗದಲ್ಲಿ ಕೈಬರಹದ ಹೆಸರು ತುಂಬಿಸಿಕೊಂಡು ಮನೆಗೆ ಬಂತು. ಮಾವ ಕೊನೆಯ ಪುಟ ಮಡಚಿ ಹಿಡಿದು, "ಅಪ್ಪನ ಮನೆ ಕಂದಾಯ ಕಟ್ಟೋಕೆ ಅಕ್ಕಾ, ಇಲ್ಲೊಂದು ರುಜು ಹಾಕಿ," ಎಂದನಂತೆ.

"ಓದ್ಲಿಲ್ವಾ ದೊಡ್ಡಮ್ಮ?"

"ನೋಡಿದ್ ತಕ್ಷಣ ಗೊತ್ತಾಯ್ತು, ನಂದೇ ಟೈಪು. ನಾನು ಟೈಪ್ ಮಾಡಿದ್ದರಲ್ಲಿ ತಪ್ಪಿರಲ್ಲ ಅನ್ನೋ ಜಂಬ. ಮತ್ತೇನು ಓದೋದು ಅಂತ ಹಾಕಿದೆ. ಅಕ್ಕ ಹಾಕಿದ್ಲು ಅಂತ ನಿಮ್ಮಮ್ಮನೂ ಹಾಕಿದ್ಲು."

ಅಕ್ಕತಂಗಿಯರಿಬ್ಬರೂ ತಂದೆಯ ಮನೆಯಲ್ಲಿನ ತಮ್ಮ ಹಕ್ಕನ್ನು ಸ್ವಇಚ್ಛೆಯಿಂದ, ಪೂರ್ಣವಾಗಿ ಬಿಟ್ಟುಕೊಟ್ಟಿದ್ದಾರೆ ಎಂದು ಆ ನಾಲ್ಕು ಪುಟ ಹೇಳುತ್ತಿದ್ದವು. ಟೈಪಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಸ್ವಂತ ಅಕ್ಕನ ಬೆರಳಿನಿಂದಲೇ ಅವಳಿಗೆ ಟೋಪಿ ಹೊಲಿಸಿ ಹಾಕಿದ ಆ ಮನುಷ್ಯನನ್ನು ನಾನು ಅಂದಿನಿಂದ ಮಾವ ಎಂದು ಕರೆದಿಲ್ಲ. ದೊಡ್ಡಮ್ಮ ಮಾತ್ರ ಅವನಿಗಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಳ್ಳುತ್ತಾಳೆ. ಅದು ನನಗೆ ಇನ್ನೂ ಸಂಕಟ.

ಮರುದಿನದಿಂದ ನನ್ನ ಪಾಠ ಬೆಂಚಿನ ಮೇಲೆ. ಯಾರದೇ ಕಾಗದ ಬರಲಿ, ಗಟ್ಟಿಯಾಗಿ ಓದಬೇಕು. ಆಮೇಲೆ ಅದನ್ನು ಬೋರಲು ಹಾಕಿ, ಎದುರು ಕೂತವರಿಗೆ ಅವರದೇ ಮಾತಿನಲ್ಲಿ ಹೇಳಬೇಕು. ಕೇಳಿದವರು ನನಗೆ ತಿರುಗಿ ಹೇಳಬೇಕು. ಅವರು ತಪ್ಪು ಹೇಳಿದರೆ ತಪ್ಪು ನನ್ನದು, ಮತ್ತೆ ಓದು. ಹಣ್ಣಿನ ಗಾಡಿಯ ಮುದುಕನಂತೂ ಪ್ರತಿ ಸಾಲಿಗೂ, "ಅಂದ್ರೆ ಯಾರು ಕೊಡ್ಬೇಕು, ಯಾರಿಗೆ?" ಎಂದು ಅಡ್ಡ ಹಾಕಿ ನನ್ನ ನೀರಿಳಿಸಿದ. ಅಂಥ ಮೇಷ್ಟರು ನನಗೆ ಮತ್ತೆ ಸಿಗಲಿಲ್ಲ.

ಮುಂದಿನ ಮಾದರಿ ಪರೀಕ್ಷೆಯಲ್ಲಿ ಪೂರ್ತಿ ಓದಲು ಹೋಗಿ ಹನ್ನೊಂದು ಪ್ರಶ್ನೆ ಮುಟ್ಟಲೇ ಆಗಲಿಲ್ಲ. "ಏನಮ್ಮಾ, ಕಾದಂಬರಿ ಓದ್ತಿದೀಯಾ?" ಎಂದರು ಸ್ಪೀಡ್ ಸರ್. ಕ್ಲಾಸೆಲ್ಲ ನಕ್ಕಿತು. ನನಗೆ ಅಳು ಬಂತು. ಆದರೂ ಉತ್ತರಿಸಿದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತನಾಲ್ಕು ಸರಿ ಇದ್ದದ್ದನ್ನು ನಾನು ನೋಡಿದೆ, ಅವರು ನೋಡಲಿಲ್ಲ. ಒಮ್ಮೆಗೇ ಅರ್ಥವಾಗುವಂತೆ ಓದಿದರೆ ತಿರುಗಿ ಹುಡುಕುವ ಕೆಲಸವೇ ಇರುವುದಿಲ್ಲವಲ್ಲ, ಮೂರು ವಾರದಲ್ಲಿ ವೇಗವೂ ಬಂತು. ಇಪ್ಪತ್ತೆಂಟು, ಮೂವತ್ತೊಂದು. ನಿಜವಾದ ಪರೀಕ್ಷೆಯಲ್ಲಿ ಮೂವತ್ತೈದು. ಸೀಟು ಸಿಕ್ಕಿತು. ಅಪ್ಪ ಅಂಕಪಟ್ಟಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಹದಿನೈದು ದಿನಕ್ಕೆ ಬ್ಯಾನರ್ ಎದ್ದಿತು. ನನ್ನ ಮುಖದ ಪಕ್ಕ ಸ್ಪೀಡ್ ಸರ್ ಮುಖ. ಕೆಳಗೆ ದಪ್ಪಕ್ಷರದಲ್ಲಿ: "ಪ್ಯಾಸೇಜ್ ಓದದೆಯೇ ಮೂವತ್ತೈದು! ನಮ್ಮ ವಿಧಾನ, ಇವರ ವಿಜಯ!"

ದೊಡ್ಡಮ್ಮ ಅಂಗಡಿಗೆ ಬಾಗಿಲೆಳೆದು ನನ್ನ ರಟ್ಟೆ ಹಿಡಿದು ಸೆಂಟರಿಗೆ ನಡೆದಳು. ಅಲ್ಲಿ ಹೊಸ ಬ್ಯಾಚಿನ ಮಕ್ಕಳು ಅರ್ಜಿ, ಪೆನ್ನು ಹಿಡಿದು ಸಾಲುಗಟ್ಟಿದ್ದರು. "ಆ ಸುಳ್ಳನ್ನ ಇಳಿಸಿ," ಎಂದಳು ಮ್ಯಾನೇಜರಿಗೆ. ಅವರು ನಗುತ್ತಲೇ ಫೈಲು ತೆಗೆದು ನನ್ನ ಪ್ರವೇಶ ಅರ್ಜಿಯನ್ನು ಮುಂದೆ ತಳ್ಳಿದರು.

"ಒಂಬತ್ತನೇ ಷರತ್ತು ನೋಡಿ ಮೇಡಂ. ಕೆಳಗೆ ನಿಮ್ಮ ಹುಡುಗಿ ರುಜು ಇದೆ."

ಇತ್ತು. ನನ್ನದೇ ರುಜು. ಅಂದು ಎಲ್ಲರೂ ಹಾಕುತ್ತಿದ್ದರು, ನಾನೂ ಹಾಕಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ಕನ್ನಡಕ ಏರಿಸಿ, ಕೋರ್ಟಿನ ಓಣಿಯ ದನಿಯಲ್ಲಿ ಒಂದನೇ ಷರತ್ತಿನಿಂದ ಕಾಮಾ ಸಮೇತ ಶುರುಮಾಡಿದಳು.

"ಮೇಡಂ, ಲೈನ್ ನಿಂತೋಗಿದೆ," ಎಂದರು ಮ್ಯಾನೇಜರ್.

"ನಿಲ್ಲಲಿ."

ಒಂಬತ್ತನ್ನು ಓದಿ ಮುಗಿಸಿದವಳೇ ಅರ್ಜಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು. "ಈಗ ನೀನು ಹೇಳು," ಎಂದು ನನಗೆ ಸಾಲಿನಲ್ಲಿದ್ದ ಮಕ್ಕಳನ್ನು ಗದ್ದದಿಂದ ತೋರಿಸಿದಳು.

ತಿರುಗಿ ನಿಂತು ಹೇಳಿದೆ. "ಇದಕ್ಕೆ ರುಜು ಹಾಕಿದ್ರೆ ನಿಮ್ಮ ಫೋಟೋ, ನಿಮ್ಮ ಮಾರ್ಕ್ಸು ಇವರದ್ದು. ನೀವು ಹೇಗೆ ಪಾಸಾದ್ರಿ ಅಂತ ಇವರು ಹೇಳ್ತಾರೆ, ನೀವು ಹೇಳೋ ಹಾಗಿಲ್ಲ. ನಾನು ಓದ್ದೇ ಹಾಕ್ದೆ."

ಬ್ಯಾನರ್ ಇಳಿಯಲಿಲ್ಲ. ಇಂದಿಗೂ ಅಲ್ಲೇ ಇದೆ. ಆದರೆ ಅಂದು ಸಾಲಿನ ಮುಂದಿದ್ದ ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ, ಅರ್ಜಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.